ಒಂಬತ್ತನೇ ಬೆಡ್ಡಿನ ದಾಸವಾಳ

ಮೂರನೇ ಮಹಡಿಯ ಹನಿಯಕ್ಕನಿಗೆ ಆ ಹೆಸರು ಹೆತ್ತವರು ಇಟ್ಟದ್ದಲ್ಲ. ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಆಯಾ ಆಗಿ ದುಡಿದು ತಲೆ ನರೆಸಿಕೊಂಡವಳು ಆಕೆ. ಕೆಲಸ ಬಿಟ್ಟರೂ ಆಸ್ಪತ್ರೆ ಆಕೆಯನ್ನು ಬಿಡಲಿಲ್ಲ. ಬಾಲ್ಕನಿಯಲ್ಲಿ ಸಾಲಾಗಿ ಇಟ್ಟ ಕುಂಡಗಳನ್ನು ಗುಲಾಬಿ, ಮಲ್ಲಿಗೆ, ನಿಂಬೆ ಎಂದು ಕರೆದದ್ದೇ ಇಲ್ಲ. ಒಂದನೇ ಬೆಡ್, ಎರಡನೇ ಬೆಡ್ ಅಂತಲೇ ಮಾತು. "ನಾಲ್ಕನೇ ಬೆಡ್ ಇವತ್ತು ಯಾಕೋ ತಲೆ ಎತ್ತಿಲ್ಲ" ಅಂದರೆ ನಿಂಬೆ ಬಾಡಿದೆ ಎಂದು ಮೆಟ್ಟಿಲ ಮೇಲೆ ಕೂತ ಹೆಂಗಸರಿಗೆಲ್ಲ ಅರ್ಥವಾಗುತ್ತಿತ್ತು.

ಎದುರು ಬಾಗಿಲಿನವಳು ರೇಡಿಯೋ. ಒಮ್ಮೆ ಬಾಯಿ ತೆರೆದರೆ ಮುಚ್ಚುವ ಗುಂಡಿ ಎಲ್ಲಿದೆ ಎಂದು ಯಾರಿಗೂ ಗೊತ್ತಿರದ ಕಾರಣ ಆ ಹೆಸರು. ಅವಳೂ ಅದೇ ವಾರ್ಡಿನ ಆಯಾ. ಹನಿಯಕ್ಕ ಹಗಲು ಪಾಳಿ ಮುಗಿಸುವಾಗ ಇವಳು ರಾತ್ರಿ ಪಾಳಿಗೆ ಬರುತ್ತಿದ್ದಳು, ಬೆಳಿಗ್ಗೆ ಇವಳು ಹೊರಡುವಾಗ ಅವಳು. ವಯಸ್ಸೆಲ್ಲ ಹೀಗೇ ಬಾಗಿಲಲ್ಲಿ ಎದುರಾಗುತ್ತ ಕಳೆದ ಇಬ್ಬರೂ ಕೊನೆಗೆ ಎದುರುಬದುರು ಮನೆ ಹಿಡಿದಿದ್ದರು.

ಆ ವಾರ್ಡಿನ ಆಯಾಗಳಲ್ಲಿ ಒಂದು ಕಟ್ಟುಪಾಡಿತ್ತು. ಯಾರೂ ಬರೆದಿಟ್ಟದ್ದಲ್ಲ, ಡಾಕ್ಟರಿಗೆ ಗೊತ್ತೂ ಇರಲಿಲ್ಲ. ಪಾಳಿಯಲ್ಲಿ ಯಾರಾದರೂ ತೀರಿಕೊಂಡರೆ, ಮುಂದಿನ ಪಾಳಿಯವಳು ವಾರ್ಡಿನೊಳಗೆ ಕಾಲಿಡುವ ಮೊದಲೇ ಬಾಗಿಲಲ್ಲಿ ಅವಳ ಕೈ ಹಿಡಿದು ಹೇಳಬೇಕು. ಬಂದವಳು "ಏನಮ್ಮಾ, ಹೇಗಿದೀಯ?" ಎನ್ನುತ್ತ ಹಾಸಿಗೆಯವರೆಗೂ ಹೋಗಿ, ಅಲ್ಲಿ ಬೇರೆ ಮುಖ ಕಂಡು ಬೆಚ್ಚಬಾರದು. ಒಂದು ಸಲ ಹೊಸಬಳೊಬ್ಬಳು ಹೇಳದೆ ಹೋದದ್ದಕ್ಕೆ ಅವಳೊಂದಿಗೆ ಯಾರೂ ಕೂತು ಉಣ್ಣಲಿಲ್ಲ. ಅವಳಿಗೆ ಎಲ್ಲರಿಗಿಂತ ಜೋರಾಗಿ ಬೈದವಳು ರೇಡಿಯೋನೇ.

ಹೆಂಗಸರ ವಾರ್ಡಿನ ಹಿಂದೆ ಒಂದು ಹಳೆಯ ದಾಸವಾಳದ ಗಿಡವಿತ್ತು. ಆಯಾಗಳು ಬುತ್ತಿ ಬಿಚ್ಚುತ್ತಿದ್ದುದು, ಅಳು ಬಂದರೆ ಅಳುತ್ತಿದ್ದುದು ಅದರ ಬುಡದಲ್ಲೇ. ಹೊಸ ಕಟ್ಟಡಕ್ಕೆಂದು ಅದನ್ನು ಕಡಿದ ದಿನ ಹನಿಯಕ್ಕ ಒಂದು ಕಡ್ಡಿ ಮುರಿದು, ಒದ್ದೆ ಹತ್ತಿಯಲ್ಲಿ ಸುತ್ತಿ ತಂದಳು. ಅದು ಚಿಗುರಿತು. ಅದೇ ಒಂಬತ್ತನೇ ಬೆಡ್. ಬಾಲ್ಕನಿಯ ಬಿಸಿಲು ತಡೆಯದೆಂದು ಅಡುಗೆಮನೆಯ ಕಿಟಕಿಯಲ್ಲಿ ಬೇರೆಯಾಗಿ ಇಟ್ಟಿದ್ದಳು. ಒಂದು ಸಲ ಬೆಕ್ಕು ಹಾರಿ ಅದರ ಕಾಂಡ ಸೀಳಿತು. ಹನಿಯಕ್ಕ ಐಸ್‌ಕ್ರೀಮ್ ಕಡ್ಡಿಯ ಆಸರೆ ಕೊಟ್ಟು, ಆಸ್ಪತ್ರೆಯ ಪಟ್ಟಿ ಸುತ್ತಿ, ಕೈ ಮುರಿದ ಮಗುವನ್ನು ನೋಡಿಕೊಂಡ ಹಾಗೆ ನೋಡಿಕೊಂಡಳು. ಕೂಡಿದ ಜಾಗದಲ್ಲಿ ಬೆರಳ ಗೆಣ್ಣಿನಂಥ ಗಂಟು ಉಳಿಯಿತು. ಆಮೇಲೆ ಅದು ಹೂ ಬಿಡಲೇ ಇಲ್ಲ. ಬಿಡದಿದ್ದರೆ ಬೇಡ, ಇದ್ದರೆ ಸಾಕು ಎನ್ನುತ್ತಿದ್ದಳು.

ಹೀಗಿರುವಾಗ ಬೇರೆ ಊರಿನಲ್ಲಿದ್ದ ತಂಗಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು.

"ಕಂಡೋರ ಬೆಡ್‌ಪ್ಯಾನ್ ತೆಗೆದೋಳು ಒಡಹುಟ್ಟಿದವಳನ್ನ ಬಿಡಕ್ಕಾಗತ್ತಾ? ಹೊರಡಲೇಬೇಕು," ಎಂದಳು ಹನಿಯಕ್ಕ. "ಆದರೆ ಇವರಿಗೆಲ್ಲ ನೀರು?"

ರಾತ್ರಿಯೆಲ್ಲ ಅದೇ ಯೋಚನೆ. ಬೆಳಿಗ್ಗೆ ಔಷಧಿ ಅಂಗಡಿಗೆ ಹೋಗಿ ಡ್ರಿಪ್ ಪೈಪುಗಳು ಬೇಕೆಂದಳು. ಅಂಗಡಿಯವನು ಗಾಬರಿಯಾದ.

"ಇಷ್ಟೊಂದಾ? ಯಾರಿಗಮ್ಮ ಹುಷಾರಿಲ್ಲ?"

"ಮನೆ ತುಂಬ ಮಲಗಿದಾರಪ್ಪ. ಒಬ್ಬರೂ ಎದ್ದು ನೀರು ಕುಡಿಯೋರಲ್ಲ."

ನೀಲಿ ಡ್ರಮ್ಮನ್ನು ಇಟ್ಟಿಗೆಗಳ ಮೇಲೆ ಏರಿಸಿ, ತಳದ ಹತ್ತಿರ ಕಾಯಿಸಿದ ಮೊಳೆಯಿಂದ ತೂತು ಮಾಡಿ, ಒಂದೊಂದಕ್ಕೂ ಒಂದು ಪೈಪು ಸಿಕ್ಕಿಸಿ, ಸುತ್ತ ಅಂಟು ಮೆತ್ತಿದಳು. ಪೈಪಿನ ಪುಟ್ಟ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ, ಹನಿ ಬೀಳುವುದನ್ನು ತಲೆ ವಾರೆ ಮಾಡಿ ನೋಡಿದಳು. ಮಲ್ಲಿಗೆಗೆ ಬೇಗ ಬೇಗ, ಗುಲಾಬಿಗೆ ನಿಧಾನ. ಮೆಟ್ಟಿಲ ಹೆಂಗಸರೆಲ್ಲ ಬಂದು ನೋಡಿ, ಬಾಯಿಗೆ ಸೆರಗು ಒತ್ತಿ ನಕ್ಕರು. ಹನಿಯಕ್ಕ ಎಂಬ ಹೆಸರು ಬಿದ್ದದ್ದು ಅವತ್ತು.

"ಸೂಜಿ ಒಂದು ಚುಚ್ಚಿಬಿಡಕ್ಕಾ, ಆಸ್ಪತ್ರೆ ಪೂರ್ತಿಯಾಗತ್ತೆ," ಎಂದು ರೇಡಿಯೋ ಕಿಚಾಯಿಸಿದಳು. ಆಮೇಲೆ ಅಡುಗೆಮನೆಯತ್ತ ಕಣ್ಣು ಹಾಯಿಸಿ, "ಒಂಬತ್ತನೇ ಬೆಡ್‌ಗೆ ಹಾಕಲಿಲ್ವಾ?" ಎಂದಳು.

ಪೈಪು ಇನ್ನೊಂದು ಉಳಿದಿತ್ತು. ಹನಿಯಕ್ಕ ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಮತ್ತೆ ಸುತ್ತಿ ಡಬ್ಬದಲ್ಲಿಟ್ಟಳು.

"ಅದಕ್ಕೆ ಪೈಪು ಬೇಡ ಕಣೇ. ಮುರಿದು ಕೂಡಿದ ಜೀವ. ಒಂದು ದಿನ ಜಾಸ್ತಿ ಬೇಕನ್ನತ್ತೆ, ಒಂದು ದಿನ ಬೇಡ ಅನ್ನತ್ತೆ. ಪೈಪಿಗೇನು ಗೊತ್ತಾಗತ್ತೆ? ಅದನ್ನ ನಿನ್ನ ಕೈಗೆ ಕೊಡ್ತೀನಿ."

"ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ ಅಕ್ಕಾ. ನನಗೇನು ಅದು ಬೇರೆಯಾ? ನಾನೂ ಅದರ ನೆರಳಲ್ಲಿ ಉಂಡವಳು."

ಹನಿಯಕ್ಕ ಬೀಗದ ಕೈ ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

ತಂಗಿಯ ಮನೆಯಲ್ಲಿ ಹಗಲೆಲ್ಲ ಹಾಸಿಗೆಯ ಪಕ್ಕ ಕೂತು ಕೂತು ಹನಿಯಕ್ಕ ರೇಡಿಯೋಗೆಂದು ಒಂದು ಸ್ವೆಟರ್ ಹೆಣೆದಳು. ಆಗಾಗ ಫೋನು ಮಾಡಿದರೆ ಆ ಕಡೆಯಿಂದ ಒಂದೇ ಮಾತು: "ಎಲ್ಲ ಕ್ಷೇಮ ಅಕ್ಕಾ, ನೀನು ತಂಗಿಯನ್ನ ನೋಡ್ಕೋ."

ತಂಗಿ ಗೋಡೆ ಹಿಡಿದು ನಡೆಯುವಂತಾದ ಮೇಲೆ ಹನಿಯಕ್ಕ ಮರಳಿದಳು. ಮೆಟ್ಟಿಲು ಹತ್ತಿ ಮೇಲೆ ಬಂದಾಗ ರೇಡಿಯೋ ಹನಿಯಕ್ಕನ ಮನೆಯ ಬೀಗ ತೆಗೆದು ಬಾಗಿಲಲ್ಲೇ ನಿಂತಿದ್ದಳು. ಹನಿಯಕ್ಕ ಉಸಿರು ತೆಗೆದುಕೊಳ್ಳುತ್ತ, ಹಳೆಯ ತಮಾಷೆಯಂತೆ, ಪಾಳಿ ಬದಲಿಸುವಾಗಿನ ಪ್ರಶ್ನೆ ಕೇಳಿದಳು.

"ವಾರ್ಡಲ್ಲಿ ಏನು ಸಮಾಚಾರ?"

ರೇಡಿಯೋ ಸೊಂಟದ ಬೀಗದ ಕೈಯನ್ನು ಒಮ್ಮೆ ಮುಟ್ಟಿಕೊಂಡಳು. ಹನಿಯಕ್ಕ ಅದನ್ನು ಗಮನಿಸಲಿಲ್ಲ. "ಎಲ್ಲರೂ ಚೆನ್ನಾಗಿದಾರೆ," ಎಂದಳು ರೇಡಿಯೋ. "ನಿನ್ನ ಒಂಬತ್ತನೇ ಬೆಡ್ ಮೊಗ್ಗು ಬಿಟ್ಟಿದೆ."

ಹನಿಯಕ್ಕ ಚೀಲವನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಓಡಿದಳು. ನಿಜ, ದಪ್ಪ ಮೊಗ್ಗು. ಎಲೆಗಳು ಎಣ್ಣೆ ಹಚ್ಚಿದ ಹಾಗೆ ಮಿರಮಿರನೆ ಮಿಂಚುತ್ತಿದ್ದವು. "ನನ್ನ ಕೈಯಲ್ಲಿ ಬಿಡದ ಮೊಗ್ಗು ನಿನ್ನ ಕೈಯಲ್ಲಿ ಬಿಡ್ತಲ್ಲೇ!" ಎಂದು ರೇಡಿಯೋಳ ಎರಡೂ ಕೆನ್ನೆ ಹಿಡಿದಳು. ಸ್ವೆಟರ್ ತೆಗೆದು ತಾನೇ ತೊಡಿಸಿದಳು. ಅವತ್ತು ರೇಡಿಯೋ ಬೇಗ ಎದ್ದು ಹೋದಳು. ಅಷ್ಟು ಬೇಗ ಅವಳು ಯಾರ ಮನೆಯಿಂದಲೂ ಎದ್ದವಳಲ್ಲ.

ಮರುದಿನ ಬೆಳಿಗ್ಗೆ ಹನಿಯಕ್ಕ ಒದ್ದೆ ಬಟ್ಟೆ ಹಿಡಿದು ಎಲ್ಲರ ಎಲೆ ಒರೆಸುತ್ತ ಬಂದಳು. ರೋಗಿಗಳ ಮೈ ಒರೆಸಿದ ಕೈ, ನೋಡದೆಯೇ ನಡೆಯುತ್ತದೆ. ದಾಸವಾಳದ ಕಾಂಡದ ಮೇಲೆ ಬೆರಳು ಜಾರಿಸಿದಾಗ ಬೆರಳು ತಾನಾಗಿ ಆ ಗಂಟಿಗಾಗಿ ಕಾದಿತ್ತು. ಗಂಟು ಸಿಗಲಿಲ್ಲ. ಮೇಲಿಂದ ಕೆಳಕ್ಕೆ ಮತ್ತೆ ಸವರಿದಳು. ಕಾಂಡ ನುಣ್ಣಗಿತ್ತು.

ಕನ್ನಡಕ ಹಾಕಿಕೊಂಡಳು. ಮಾಸಿಹೋಗಿರಬೇಕು ಎಂದುಕೊಂಡಳು. ಬೆಳೆದಂತೆ ಮೇಲೆ ಹೋಗಿರಬೇಕು ಎಂದುಕೊಂಡಳು. ಗೆಳತಿಯ ಪರವಾಗಿ ಎಷ್ಟು ವಾದ ಮಾಡಬಹುದೋ ಅಷ್ಟೂ ಮಾಡಿದಳು. ಕೊನೆಗೆ ಬೆರಳಿಂದ ಮಣ್ಣು ಕೆದಕಿದಾಗ ನರ್ಸರಿಯ ಕರಿ ಪ್ಲಾಸ್ಟಿಕ್ ಚೀಲದ ಅಂಚು ಸಿಕ್ಕಿತು. ಹನಿಯಕ್ಕ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಬಾಲ್ಕನಿಯಲ್ಲಿ ಡ್ರಿಪ್ಪಿನ ಹನಿಗಳು ತಮ್ಮ ಪಾಡಿಗೆ ಬೀಳುತ್ತಿದ್ದವು.

ಆದರೂ ತಕ್ಷಣ ಎದುರು ಬಾಗಿಲು ತಟ್ಟಲಿಲ್ಲ. ಅವಳೇ ಹೇಳಲಿ ಎಂದು ಕಾದಳು. ಸಂಜೆ ಮೆಟ್ಟಿಲ ಮೇಲೆ ಹೆಂಗಸರು ಸೇರಿದಾಗ ರೇಡಿಯೋ ಸ್ವೆಟರ್ ತೊಟ್ಟೇ ಬಂದಳು. ಯಾರೋ ಹೊಗಳಿದರು: "ಏನೇ, ಗಿಡ ನೋಡಿಕೊಂಡದ್ದಕ್ಕೆ ಬಹುಮಾನನಾ?"

"ಮತ್ತೆ? ದಿನಾ ಹೋಗಿ ಅದರ ಹತ್ರ ಮಾತಾಡ್ತಿದ್ದೆ. ಮಾತು ಕೇಳಿ ಕೇಳಿ ಪಾಪ ಮೊಗ್ಗು ಬಿಡ್ತು!"

ಎಲ್ಲರೂ ನಕ್ಕರು. ಹನಿಯಕ್ಕ ನಗಲಿಲ್ಲ.

"ಲೇ, ಒಂದು ಸಲ ನನ್ನ ಮುಖ ನೋಡಿ ಹೇಳು. ವಾರ್ಡಲ್ಲಿ ಏನು ಸಮಾಚಾರ?"

ರೇಡಿಯೋ ಸ್ವೆಟರಿನ ತೋಳನ್ನು ಕೆಳಗೆಳೆದುಕೊಂಡಳು. "ಹೇಳಿದ್ನಲ್ಲಕ್ಕಾ. ಎಲ್ಲರೂ ಚೆನ್ನಾಗಿದಾರೆ."

"ಗಂಟು ಎಲ್ಲಿ ಹೋಯ್ತು?"

ರೇಡಿಯೋ ಆ ಕಡೆ ಈ ಕಡೆ ನೋಡಿ, ಎದ್ದು ಹನಿಯಕ್ಕನ ಮನೆಯೊಳಗೆ ನಡೆದಳು. ಹನಿಯಕ್ಕ ಹಿಂದೆ ಹೋಗಿ ಬಾಗಿಲು ಮುಂದೆ ಮಾಡಿದಳು.

"ಮೊದಲೆಲ್ಲ ಸರಿಯಾಗೇ ಹಾಕ್ತಿದ್ದೆ ಅಕ್ಕಾ," ಎಂದಳು ರೇಡಿಯೋ. ಮೊದಲ ಸಲ ಅವಳ ದನಿ ಸಣ್ಣದಾಗಿತ್ತು. "ಆಮೇಲೆ ಬಾಗಿಲು ತೆಗೆದರೆ ಬಾಲ್ಕನಿಯಲ್ಲಿ ಎಲ್ಲ ಹಸಿರು. ಹನಿ ಟಪಟಪ ಬೀಳ್ತಿದೆ. ಎಲ್ಲ ಅದರಷ್ಟಕ್ಕೆ ನಡೀತಿದೆ ಅಂತ ಡ್ರಮ್ಮಿಗಷ್ಟು ನೀರು ತುಂಬಿಸಿ ಅಲ್ಲಿಂದಲೇ ಬರ್ತಿದ್ದೆ. ಅಡುಗೆಮನೆಗೆ ಹೋಗಲೇ ಇಲ್ಲ. ಹೋದಾಗ ಎಲೆಯೆಲ್ಲ ಉದುರಿತ್ತು."

"ಹೇಳಬಾರದಿತ್ತಾ?"

"ನಿನಗೆ ನೋವಾಗ್ಬಾರ್ದು ಅಂತ. ಎಷ್ಟು ನರ್ಸರಿ ಸುತ್ತಿದೀನಿ ಗೊತ್ತಾ, ಅದೇ ಎತ್ತರದ್ದು ಹುಡುಕಕ್ಕೆ? ಗಿಡ ಅಂದ್ರೆ ಗಿಡ, ಅಕ್ಕಾ. ಇದೂ ದಾಸವಾಳವೇ."

"ಗಿಡ ಸತ್ತದ್ದಕ್ಕೆ ನಾನು ಅಳಲ್ಲ ಕಣೇ. ಸಾವು ನಮಗಿಬ್ಬರಿಗೂ ಹೊಸದಾ? ನಿನ್ನೆ ನನ್ನನ್ನ ಬಾಗಿಲಲ್ಲೇ ನಿಲ್ಲಿಸಿ ಹೇಳಬೇಕಿತ್ತು. ಆ ಹೊಸ ಹುಡುಗಿಗೆ ಬೈದಿದ್ದು ನೀನೇ ಅಲ್ವಾ? ನೀನು ಬೇರೆಯವರನ್ನ ಆ ಹಾಸಿಗೆಯಲ್ಲಿ ಮಲಗಿಸಿ, ನನ್ನ ಕೈಲಿ ಮುದ್ದು ಮಾಡಿಸಿದೆ. ನಾನು ನಿನ್ನ ಕೆನ್ನೆ ಹಿಡಿದೆ. ನೀನು ನೋಡ್ತಾ ನಿಂತಿದ್ದೆ."

ರೇಡಿಯೋ ತಲೆ ತಗ್ಗಿಸಿದಳು.

"ಹಳೇದನ್ನ ಏನು ಮಾಡಿದೆ?"

"ಕಸದ ಗಾಡಿಗೆ ಹಾಕಿದೆ."

"ಹಾಕೋ ಮೊದಲು ಉಗುರಲ್ಲಿ ಸಿಪ್ಪೆ ಕೆರೆದು ನೋಡಿದೆಯಾ? ಒಳಗೆ ಹಸಿರಿತ್ತಾ?"

ರೇಡಿಯೋ ತನ್ನ ಉಗುರುಗಳನ್ನೇ ನೋಡಿಕೊಂಡಳು. ನಾಡಿ ಹಿಡಿಯದೆ ಮುಖದ ಮೇಲೆ ಬಟ್ಟೆ ಎಳೆಯಬಾರದು ಎಂದು ಕಲಿತದ್ದು ಇಬ್ಬರೂ ಒಟ್ಟಿಗೇ. ಹನಿಯಕ್ಕ ಕೈ ಚಾಚಿದಳು. ರೇಡಿಯೋ ಸೊಂಟದಿಂದ ಬೀಗದ ಕೈ ಬಿಚ್ಚಿ ಆ ಅಂಗೈಯಲ್ಲಿಟ್ಟಳು. ಈ ಸಲ ಯಾರೂ ಯಾರ ಬೆರಳನ್ನೂ ಮಡಚಲಿಲ್ಲ.

ಮೊಗ್ಗು ಅರಳಿತು. ಹಳೆಯದು ಐದೆಸಳಿನ ಕೆಂಪು. ಇದು ಗುಲಾಬಿ ಬಣ್ಣದ ಮುದ್ದೆ ಹೂ. ಅಡುಗೆಮನೆಗೆ ಹೋದಾಗಲೆಲ್ಲ ಹನಿಯಕ್ಕ ಅದಕ್ಕೆ ಬೆನ್ನು ಮಾಡಿ ನಿಲ್ಲುತ್ತಿದ್ದಳು. ಆದರೆ ಕಿತ್ತೆಸೆಯಲಿಲ್ಲ. ಹಾಸಿಗೆಗೆ ಬಂದು ಮಲಗಿದ ರೋಗಿಯದೇನು ತಪ್ಪು? ಕರಿ ಚೀಲವನ್ನು ಕತ್ತರಿಯಿಂದ ಬಿಡಿಸಿ ತೆಗೆದು, ಬೇರಿಗೆ ಹೊಸ ಮಣ್ಣು ಕೊಟ್ಟು, ಹೊತ್ತು ಹೊತ್ತಿಗೆ ನೀರು ಹಾಕಿದಳು. ಮಾತು ಮಾತ್ರ ಆಡಿಸಲಿಲ್ಲ.

ಎದುರು ಬಾಗಿಲಿನೊಂದಿಗೆ ಜಗಳವೇನೂ ಆಗಲಿಲ್ಲ. ಹಾಲು ಬಂತಾ, ನೀರು ಬಂತಾ ಎಂಬಷ್ಟು ಮಾತು ನಡೆಯುತ್ತಿತ್ತು. ರೇಡಿಯೋ ಸ್ವೆಟರ್ ಮತ್ತೆ ತೊಡಲಿಲ್ಲ, ವಾಪಸೂ ಕೊಡಲಿಲ್ಲ.

ತಂಗಿಯನ್ನು ಡಾಕ್ಟರಿಗೆ ತೋರಿಸಲು ಹನಿಯಕ್ಕ ಮತ್ತೆ ಹೊರಡಬೇಕಾಯಿತು. ಡ್ರಮ್ಮು ತುಂಬಿಸಿ, ಚಕ್ರಗಳನ್ನು ಒಂದೊಂದಾಗಿ ಸರಿಮಾಡಿದಳು. ಕೊನೆಗೆ ಡಬ್ಬದಲ್ಲಿ ಸುತ್ತಿಟ್ಟ ಆ ಪೈಪನ್ನು ತೆಗೆದು, ಅಡುಗೆಮನೆಯ ಕಿಟಕಿಯ ಸರಳಿಗೆ ಒಂದು ನೀರಿನ ಕ್ಯಾನು ಕಟ್ಟಿ, ಪೈಪಿನ ತುದಿಯನ್ನು ದಾಸವಾಳದ ಬುಡಕ್ಕೆ ಬಿಟ್ಟಳು. ಮೊದಲ ಹನಿ ಬೀಳುವವರೆಗೆ ನಿಂತು ನೋಡಿದಳು.

ಬೀಗ ಹಾಕುವ ಸದ್ದಿಗೆ ಎದುರು ಬಾಗಿಲು ಅರ್ಧ ತೆರೆಯಿತು.

"ಹೊರಟೆಯಾ ಅಕ್ಕಾ? ಏನಾದರೂ... ನೀರು ಗೀರು ಹಾಕಬೇಕಾ?"

ಹನಿಯಕ್ಕ ಬೀಗದ ಕೈಯನ್ನು ತನ್ನ ಸೊಂಟಕ್ಕೇ ಸಿಕ್ಕಿಸಿಕೊಂಡಳು.

"ಬೇಡ ಕಣೇ," ಎಂದಳು. "ಒಂಬತ್ತನೇ ಬೆಡ್‌ಗೂ ಪೈಪು ಹಾಕಿದೀನಿ."

ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಮೇಲೆ ಬಾಗಿಲು ಮುಚ್ಚಿದ ಸದ್ದು ಬಹಳ ಹೊತ್ತು ಕೇಳಿಸಲಿಲ್ಲ.