ಆರಕ್ಕೆ ಇನ್ನೆರಡು ಬಡಿಸು

ಗೆಳೆಯರೇ, ಈ ಕಥೆಯನ್ನು ಮೊದಲು ಹೇಳಿದವಳು ನಮ್ಮ ವಿದ್ಯಾ. ಹೇಳಿದ್ದು ನಿನ್ನೆ ಭಾನುವಾರ ಮಧ್ಯಾಹ್ನ, ಈ ಪರದೇಶದ ನಮ್ಮ ಊರಾದ ಬೋಲಿಂಗ್‌ಬ್ರೂಕ್‌ನ ಸರೋಜಾ ಆಂಟಿ ಮನೆಯಲ್ಲಿ ಹೋಳಿಗೆ ಊಟಕ್ಕೆ ಕೂತಾಗ. ಅವಳು ವಿಡಿಯೊ ಗೇಮ್‌ಗಳನ್ನು ಆಡಿ ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ವೆಬ್‌ಸೈಟಿನಲ್ಲಿ ಕೆಲಸ ಮಾಡುತ್ತಾಳೆ. ಹೊಸ ಗೇಮೊಂದಕ್ಕೆ ಆರು ಕೊಟ್ಟಿದ್ದಳಂತೆ. ಅದೇ ಗೇಮಿನ ಜಾಹೀರಾತು ಆ ವೆಬ್‌ಸೈಟಿನ ತುಂಬ ಇದೆಯಂತೆ.

"ನಾಳೆ ಬೆಳಿಗ್ಗೆ ಸೈಟಿಗೆ ಹಾಕೋದ್ರೊಳಗೆ ಎಂಟು ಮಾಡು, ಇಲ್ಲಾಂದ್ರೆ ಮುಂದಿನ ಲೇಆಫ್‌ನಲ್ಲಿ ನೋಡೋಣ ಅಂದ ಬಾಸ್. ಕೆಲಸ ಹೋದ್ರೆ ವೀಸಾನೂ ಹೋಯ್ತು," ಎಂದಳು.

ನಾವೆಲ್ಲ ಹೋಳಿಗೆ ಮುರಿಯುವುದನ್ನು ಬಿಟ್ಟು ಅವಳ ಕಡೆ ತಿರುಗಿದೆವು. ಆಂಟಿ ಮಾತ್ರ, "ಸಾಕು ಸಾಕು ಅಂದ್ರೂ ನಾನು ಎಲೆಗೆ ಎರಡು ಹೋಳಿಗೆ ಹಾಕಲ್ವೇನೆ? ಹಾಗೇ ಆರಕ್ಕೆ ಇನ್ನೆರಡು ಬಡಿಸಿಬಿಡು" ಎಂದರು.

"ನಿಮ್ಮ ಹೋಳಿಗೆ ಚೆನ್ನಾಗಿರತ್ತೆ ಆಂಟಿ, ಆ ಗೇಮ್ ಚೆನ್ನಾಗಿಲ್ಲ. ನನ್ನ ಮಾತು ನಂಬಿ ಯಾರದೋ ಮನೆ ಮಕ್ಕಳು ಕೊಡಿಸು ಅಂತ ಹಟ ಮಾಡ್ತಾರೆ. ಅವರಪ್ಪಂಗೂ ಈಗ ಕೆಲಸ ಇದ್ಯೋ ಇಲ್ವೋ."

ವಿದ್ಯಾ ಎಲೆ ಮಡಚಿ ಕೈ ತೊಳೆಯಲು ಎದ್ದಳು.

ಇವತ್ತು ಬೆಳಿಗ್ಗೆ ನಾವೆಲ್ಲ ನಮ್ಮ ನಮ್ಮ ಆಫೀಸಿನಲ್ಲಿ ಅವಳ ವಿಮರ್ಶೆಯ ಪುಟ ತೆರೆದೆವು. ಆರು ಎಂದೇ ಇತ್ತು. ವಿದ್ಯಾಗೆ ಫೋನ್ ಮಾಡಿ ಕೆಲಸ ಉಳಿಯಿತಾ ಎಂದು ಕೇಳುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಓದುವವರ ಲೆಕ್ಕ ಹೆಚ್ಚಾದರೆ ಅವಳನ್ನು ಉಳಿಸಿಕೊಂಡಾರು ಎಂದು ಎಲ್ಲರೂ ಪುಟವನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡುತ್ತ ಕೂತೆವು. ಇಂಥ ಕಾಲದಲ್ಲಿ ಆಫೀಸಿನ ಕಂಪ್ಯೂಟರಿನಲ್ಲಿ ಗೇಮ್ ನೋಡುತ್ತ ಕೂತವರನ್ನು ಯಾರು ಉಳಿಸುತ್ತಾರೆ ಎಂಬ ಪ್ರಶ್ನೆ ನನಗೆ ಹೊಳೆದದ್ದು, ಮ್ಯಾನೇಜರ್ ಬೆನ್ನ ಹಿಂದೆ ಬಂದು ನಿಂತಾಗ.