ಎಲ್ಲವನ್ನೂ ಹೊಗಳಿದ ಹೆಂಡತಿ

ಬಸ್ಸು ತಪ್ಪಬಹುದು, ಡಾಕ್ಟರು ರಜೆ ಹಾಕಿರಬಹುದು, ಹೊರಗಿನ ಊಟಕ್ಕೆ ನನ್ನ ಹೊಟ್ಟೆ ಕೆಡಬಹುದು. ಹೆದರುವುದೇ ಕಸುಬಾದ ನಾನು, ಬಾಯಿಯ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ನಾಲಿಗೆಯ ರುಚಿಯನ್ನೇ ಕಳೆದುಕೊಂಡಿದ್ದ ಹೆಂಡತಿಯನ್ನು ತಪಾಸಣೆಗೆ ಮುಂಡರಗಿಯಿಂದ ಗದಗಿಗೆ ಕರೆತಂದೆ. ಹೆದರಿದ್ದು ಯಾವುದೂ ಆಗಲಿಲ್ಲ.

ತಪಾಸಣೆ ಮುಗಿಯುತ್ತಲೇ, “ನಾಲಿಗಿಗೆ ರುಚಿ ಬಂದೈತ್ರೀ, ಇನ್ನರೆ ಮಾರಿ ಸಣ್ಣ ಮಾಡಬ್ಯಾಡ್ರಿ,” ಎಂದಳು. ಆ ಖುಷಿಗೆ ಒಂದು ಕಡೆ ಗಿರಮಿಟ್ಟು, ಇನ್ನೊಂದು ಕಡೆ ದೋಸೆ ತಿಂದೆವು. ಯಾವ ಹೋಟೆಲಿಗೆ ಹೋದರೂ ಹುಳುಕು ಹುಡುಕುತ್ತಿದ್ದವಳು ಎಲ್ಲವನ್ನೂ ಹೊಗಳಿದಳು.

ಕೊನೆಗೆ ಬೆಟಗೇರಿಯ ಖಾನಾವಳಿಯಲ್ಲಿ, ಮೊದಲು ಬಡಿಸಿದ ಎಣ್ಣೆಗಾಯಿಯನ್ನು ಭಾಳ ರುಚಿ ಎನ್ನುತ್ತ ರೊಟ್ಟಿಗೆ ಹಚ್ಚಿಕೊಂಡು ತಿಂದಳು. ಅಷ್ಟರಲ್ಲಿ ಖಾನಾವಳಿಯಾಕೆ ಉಪ್ಪಿನ ಡಬ್ಬಿ ಹಿಡಿದು ಓಡಿ ಬಂದಳು: “ಅಯ್ಯ ಶಿವನ, ಪಲ್ಯಾಕ ಉಪ್ಪ ಹಾಕೋದ ಮರ್ತೀನ್ರೀ ಅಕ್ಕಾರ!”

ಹೆಂಡತಿ ತಾಟಿನಿಂದ ತಲೆ ಎತ್ತಲಿಲ್ಲ. ಅವತ್ತು ತಪ್ಪಿದ್ದು ಅಷ್ಟೇ, ಒಂದು ಚಿಟಿಕೆ ಉಪ್ಪು.