ಸರಪಳಿಯ ಬದಲು ಆಳು

ಆಳುಗಳ ಮೇಸ್ತ್ರಿ ವಿಠಲ ಮುಕಾದಮನ ಕೊಲ್ಹಾಪುರಿ ಚಪ್ಪಲಿ ಕರ್ರ್ ಕರ್ರ್ ಎಂದು ಅಂಗಳಕ್ಕೆ ಬಂತೆಂದರೆ ಕೂತ ಆಳುಗಳೆಲ್ಲ ದಡಬಡಿಸಿ ಏಳುತ್ತಿದ್ದರು. ಚಂದವ್ವ ಮಾತ್ರ ಏಳುತ್ತಿರಲಿಲ್ಲ. ಬಾಯಲ್ಲಿನ ಎಲೆಯಡಿಕೆ ಮುಗಿಯುವ ತನಕ ಅವಳು ಯಾರಿಗೂ ಏಳುವ ಹೆಂಗಸಲ್ಲ.

ಕಲ್ಯಾಣದಿಂದ ಶಹಾಡ ದಾಟಿ ಮುರಬಾಡ ರಸ್ತೆ ಹಿಡಿದರೆ ಒಕ್ಕಲುತನದ ಸಾಮಾನು ಮಾರುವ ಒಂದು ದೊಡ್ಡ ಅಂಗಡಿ. ನೇಗಿಲು, ಕಲ್ಟಿವೇಟರ್, ಕೆಸರುಗದ್ದೆ ಕಲಸುವ ರೋಟಾವೇಟರ್ ಎಲ್ಲವೂ ಅಲ್ಲಿಂದ ಟ್ರಾಲಿಯ ಮೇಲೆ ಹಳ್ಳಿಗಳಿಗೆ ಹೋಗುತ್ತವೆ. ಹೇರುವವರು ಕಲಬುರಗಿ, ವಿಜಯಪುರದ ಕಡೆಯವರು. ಅಫಜಲಪುರದ ಹತ್ತಿರದ ಹಳ್ಳಿಯಿಂದ ಬಂದ ಚಂದವ್ವ ಮೊದಲು ಡೊಂಬಿವಲಿಯಲ್ಲಿ ಇಟ್ಟಿಗೆ ಹೊತ್ತು, ನೆತ್ತಿ ಸವೆದ ಮೇಲೆ ಈ ಅಂಗಡಿ ಸೇರಿದವಳು. ಹೇರು ಬಿಗಿಯುವುದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಅಪ್ಪ ಜೋಳದ ಕಣಿಕೆ ಬಂಡಿಗೆ ಹಗ್ಗ ಬಿಗಿಯುವುದನ್ನು ಚಿಕ್ಕಂದಿನಲ್ಲಿ ನೋಡಿದ್ದಳು. ಉಳಿದದ್ದನ್ನು ಕಬ್ಬಿಣವೇ ಕಲಿಸಿತು. ಕಟ್ಟಿದ ಮೇಲೆ ಹೇರಿಗೆ ಹೆಗಲು ಕೊಟ್ಟು ಒಮ್ಮೆ ನೂಕುವಳು; ಕೂದಲೆಳೆಯಷ್ಟು ಅಲುಗಿದರೂ ಬಿಚ್ಚಿ ಮತ್ತೆ ಕಟ್ಟುವಳು.

ಆದರೆ ಆ ಅಂಗಡಿಯಲ್ಲಿ ಕಟ್ಟುವುದಕ್ಕಿಂತ ಅಗ್ಗದ ಇನ್ನೊಂದು ಪದ್ಧತಿ ಇತ್ತು. ಅದಕ್ಕೆ ‘ವಜನು’ ಎನ್ನುತ್ತಿದ್ದರು. ವಜನು ಅಂದರೆ ತೂಕ. ಅಲ್ಲಿ ವಜನು ಅಂದರೆ ಮನುಷ್ಯ. ಟ್ರಾಲಿಯ ಮೇಲಿನ ಯಂತ್ರ ಸರಿಯಬಾರದೆಂದು ಒಂದು ಸುತ್ತು ನೈಲಾನ್ ಹಗ್ಗ ಎಳೆದು, ಅದರ ಮೇಲೆ ಇಬ್ಬರು ಆಳುಗಳನ್ನು ಕೂರಿಸಿ ಕಳಿಸುವುದು. ಊರ ಮಂದಿಯೆಲ್ಲ ಸೇರಿದರೂ ಎತ್ತಲಾಗದ, ಕಪ್ಪಿ ಹಾಕಿ ಇಳಿಸುವ ಯಂತ್ರವನ್ನು ರೊಟ್ಟಿ ತಿಂದ ಎರಡು ಬಡಕಲು ದೇಹ ಹಿಡಿದು ನಿಲ್ಲಿಸುತ್ತವಂತೆ! ಯಾವ ತಲೆ ಯೋಚಿಸಿತೋ ಇದನ್ನು. ಸರಪಳಿಗಳಿರಲಿಲ್ಲವೇ? ಇದ್ದವು. ಹಿಂದಿನ ಕೋಣೆಯಲ್ಲಿ, ಎಣ್ಣೆ ಹಚ್ಚಿಸಿಕೊಂಡು, ಬೀಗದೊಳಗೆ ಸುಖವಾಗಿ ಮಲಗಿದ್ದವು.

ಚಂದವ್ವನ ಗಂಡ ಸೈದಪ್ಪ ಹೀಗೆ ವಜನಾಗಿ ಕೂತು ಹೋದವನು. ಅದೇ ರಸ್ತೆಯ ಕಾಂಬಾದ ಬಳಿ ಟ್ರ್ಯಾಕ್ಟರ್ ಬ್ರೇಕ್ ಹಾಕಿತು, ಕಲ್ಟಿವೇಟರ್ ಜಾರಿತು, ಸೈದಪ್ಪನ ಬಲಗಾಲಿನ ಬೆರಳುಗಳು ಹೋದವು. ಆಸ್ಪತ್ರೆಗೆ ಬಂದ ವಿಠಲ ಮಂಚದ ಪಕ್ಕ ನಿಂತು ಹೇಳಿದ್ದು ಇಷ್ಟೇ: “ಸರೀಗಿ ಕೂತಿದ್ರ ಹಿಂಗಾಗ್ತಿದ್ದಿಲ್ಲ, ಕಾಕಾ.” ಸೈದಪ್ಪ ಈಗ ಖೋಲಿಯಲ್ಲಿ ಕೂತು ಹೋಟೆಲಿನವರಿಗೆ ಬೆಳ್ಳುಳ್ಳಿ ಸುಲಿಯುತ್ತಾನೆ. ವಿಠಲನ ಆ ಮಾತು ಚಂದವ್ವನ ಎದೆಯಲ್ಲಿ ಮುಳ್ಳು ಮುರಿದು ಕೂತಂತೆ ಕೂತಿತ್ತು.

ಮೊದಲ ಮಳೆ ಬಿದ್ದ ವಾರ. ನಾಟಿಗೆ ಮುಂಚೆ ಎಲ್ಲರಿಗೂ ರೋಟಾವೇಟರ್ ಬೇಕು. ಚಂದವ್ವ ಚಹಾ ಕುಡಿದು ಬರುವಷ್ಟರಲ್ಲಿ ಟ್ರಾಲಿ ತುಂಬಿ ನಿಂತಿತ್ತು. ಯಂತ್ರದ ಮೇಲೆ, ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಅವಳ ಸೊಸೆ ಜ್ಯೋತಿ ಕೂತಿದ್ದಳು.

“ಇಳಿ ಕೆಳಗ!”

“ಯಾಕತ್ತಿ? ಹೊರೋದಿಲ್ಲ, ಎಳಿಯೋದಿಲ್ಲ. ಸುಮ್ನ ಕೂತ್ರ ಪಗಾರ. ಗಾಳೀನೂ ಬರ್ತದ.”

“ನಿಮ್ಮ ಮಾವನೂ ಗಾಳಿ ತಗೊಳ್ಲಾಕ ಹೋಗಿದ್ದ. ಇಳೀತೀಯೋ, ಜಡಿ ಹಿಡಿದು ಎಳೀಲೋ?”

ಜ್ಯೋತಿ ಮೂಗು ಮುರಿದು ಇಳಿದಳು. ಚಪ್ಪಲಿ ಕರ್ರ್ ಎಂದಿತು. ವಿಠಲ ಬಂದ.

“ಚಂದವ್ವಕ್ಕಾ, ಗಿರಾಕಿ ಫೋನ್ ಮ್ಯಾಲ ಫೋನ್ ಮಾಡ್ಲಾಕತ್ತಾನ. ನಿಂದೇನು ನಡುವ?”

“ಚೈನ್ ತೆಗಿ ವಿಠಲಾ. ಕಟ್ಟಿ ಕಳಿಸ್ತೀನಿ.”

“ಚೈನ್ ಕೊಟ್ರ ಹಳ್ಳಿ ಮಂದಿ ಇಟಗೋತಾರ. ಮರಳಿ ಬರಂಗಿಲ್ಲ. ಆಳಾದ್ರ ತಾವ ಬಸ್ ಹತ್ತಿ ಬರ್ತಾವ.”

ಚಂದವ್ವ ಎಲೆಯಡಿಕೆ ಉಗುಳಿದಳು.

“ಏನಂದಿ? ಬರ್ತಾವ? ದನ ಬರ್ತಾವ. ಎಮ್ಮಿ ಬರ್ತಾವ. ನಾವು ಬರ್ತೀವೇನು, ಬರ್ತಾವೇನು? ನಿಮ್ಮವ್ವ ನಿಮ್ಮೂರು ಇಂಡಿಯಿಂದ ಬಂದ್ರ ಏನಂತೀಯೋ? ಅವ್ವ ಬಂತು ಅಂತೀ?”

ಯಾರೋ ಕಿಸಕ್ಕೆಂದರು. ವಿಠಲನ ಮುಖ ಕೆಂಪಾಯಿತು. “ಮಾತಿಗೆ ಬಂದದ್ದ ಹಿಡದು ಜಗಳಾಡಬ್ಯಾಡ. ಇಷ್ಟ್ ದಿವಸ ಹಿಂಗ ಹೋಗ್ಯಾವ, ಏನೂ ಆಗಿಲ್ಲ.”

“ಏನೂ ಆಗಿಲ್ಲ!” ಅವಳ ದನಿ ರಸ್ತೆಗೆ ಕೇಳಿಸಿತು. “ಬೆರಳು ಹೋದದ್ದು ನಮ್ಮ ಮನ್ಯಾನವ್ರದು, ನಿಂಗ ಏನೂ ಆಗಿಲ್ಲ. ಆತು. ನಮ್ಮಿಬ್ಬರ ವಜನು ನೀ ಒಬ್ನೇ ಅದಿ. ನೀನ ಕೂಡು. ಮುರಬಾಡ ಬ್ಯಾಡ, ಗೇಟಿನ ತನಕ ಹೋಗು. ಸರೀಗಿ ಮಾತ್ರ ಕೂಡಪಾ.”

“ಹತ್ರಿ ಮುಕಾದಮ್ರ, ಹತ್ರಿ!” ಆಳುಗಳಿಗೆ ಹುರುಪು ಬಂತು. ಇಷ್ಟು ಮಂದಿಯ ಮುಂದೆ ಹಿಂಜರಿಯುವುದಾದರೂ ಹೇಗೆ? ವಿಠಲ ಹತ್ತಿದ. ಯಂತ್ರದ ಮೇಲೆ ಕೂತು ಕಾಲುಗಳನ್ನು ಟ್ರಾಲಿಯ ಹಿಂಬದಿ ಮುಚ್ಚುವ ಫಳಿಯ ಕಡೆಗೆ ಇಳಿಬಿಟ್ಟ. “ಚಲ್ ರೇ ಆಕಾಶ,” ಎಂದು ಡ್ರೈವರನಿಗೆ ಕೂಗಿದ.

ಗೇಟಿನ ಬಳಿ ಗಟಾರಿನ ಹಾಸುಗಲ್ಲು ಉಬ್ಬಿಕೊಂಡಿದೆ. ಟ್ರಾಲಿಯ ಮೂತಿ ಮೇಲಕ್ಕೆದ್ದಿತು. ನೈಲಾನ್ ಹಗ್ಗ ಟಪ್ ಎಂದಿತು. ರೋಟಾವೇಟರ್ ಮುಕಾದಮನನ್ನು ಹೊತ್ತುಕೊಂಡೇ ಹಿಂದಕ್ಕೆ ಸರಿಯಿತು. ವಿಠಲ “ಯವ್ವಾ!” ಎಂದು ಕಾಲೆಳೆದುಕೊಂಡ. ಕಾಲು ಬಂತು, ಚಪ್ಪಲಿ ಬರಲಿಲ್ಲ. ಫಳಿಗೂ ಕಬ್ಬಿಣಕ್ಕೂ ನಡುವೆ ಅದು ಹಪ್ಪಳವಾಗಿತ್ತು.

“ರೋಕ್! ರೋಕ್ ರೇ!” ಕೆಳಗೆ ಧುಮುಕಿದವನ ಮುಖದಲ್ಲಿ ರಕ್ತವಿರಲಿಲ್ಲ. ಸೊಂಟದಿಂದ ಬೀಗದ ಕೈ ತೆಗೆದು ಎಸೆದ. “ಚೈನ್ ತರ್ರಿ.”

ಎಲ್ಲರಿಗೂ ಗೆದ್ದ ಖುಷಿ. ಚಂದವ್ವನಿಗೆ ಮಾತ್ರ ಸಿಟ್ಟು ಇಳಿಯುವ ಬದಲು ನೆತ್ತಿಗೇರಿತು. ಅವಳು ಆ ಅಪ್ಪಚ್ಚಿ ಚಪ್ಪಲಿಯನ್ನು ಎಳೆದು ತೆಗೆದು ಅವನ ಮುಂದೆ ಹಿಡಿದಳು.

“ಒಂದು ಚಪ್ಪಲಿಗೆ ಚೈನ್ ಬಂತು ವಿಠಲಾ. ಕಾಕಾನ ಕಾಲಿಗೆ ಬರಲಿಲ್ಲ.”

ಕಪ್ಪಿ ಹಾಕಿ ಯಂತ್ರವನ್ನು ಎತ್ತಿ, ಗಾಲಿಯ ಅಚ್ಚಿನ ಮೇಲೆ ಭಾರ ಬೀಳುವಂತೆ ಹಲಗೆಯ ಮೇಲೆ ಇಳಿಸಿದರು. ಹಿಂದೆ ಮುಂದೆ ಕಟ್ಟಿಗೆ ತುಂಡು ಬಡಿದರು. ತಿರುಗುವ ದಂಡವನ್ನು ಬಿಚ್ಚಿ ಬೇರೆಯಾಗಿ ಕಟ್ಟಿದರು. ಯಂತ್ರದ ಗಟ್ಟಿ ಚೌಕಟ್ಟಿನ ನಾಲ್ಕು ಮೂಲೆಯಿಂದ ಸರಪಳಿಗಳನ್ನು ಅಡ್ಡಡ್ಡ ಎಳೆದು ಬಿಗಿದರು. ಚಂದವ್ವ ಹೆಗಲು ಕೊಟ್ಟು ನೂಕಿದಳು. ಟ್ರಾಲಿಯೇ ಅಲುಗಿತು, ಯಂತ್ರ ಅಲುಗಲಿಲ್ಲ. ಹಿಂಬದಿಗೆ ಕೆಂಪು ಬಟ್ಟೆ ಕಟ್ಟಿ, ದಾರಿಯ ವರಪ್ ಊರಲ್ಲಿ ನಿಂತು ಸರಪಳಿ ನೋಡಿಕೊಳ್ಳಲು, ಮರಳಿ ತರಲು ಆಕಾಶನಿಗೆ ತನ್ನ ಹರಕು ಹಿಂದಿಯಲ್ಲಿ ಹೇಳಿದಳು: “ವರಪ್ ಮೇ ರುಕ್ಕೇ ಚೈನ್ ದೇಖ್. ಔರ್ ವಾಪಸ್ ಲಾ.”

“ಲಾತಾ ಹೂಂ ಮೌಶಿ,” ಎಂದು ಅವನು ಹೊರಟ. ಯಂತ್ರದ ಮೇಲೆ ಯಾರೂ ಇರಲಿಲ್ಲ.

“ಗಾಳಿ ಸವಾರಿ ಹೋತು,” ಎಂದು ಜ್ಯೋತಿ ಗೊಣಗಿದಳು. ಚಂದವ್ವ ಕಣ್ಣು ಬಿಟ್ಟಳು, ಗೊಣಗಾಟ ನಿಂತಿತು.

ಮರುದಿನ ಆಕಾಶ ಬರಿ ಟ್ರಾಲಿ ತಂದು ನಿಲ್ಲಿಸಿದ. ಸರಪಳಿಗಳು ತಳದಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿದ್ದವು, ಒಂದೂ ಕಡಿಮೆಯಿಲ್ಲ. ಮರಳಿ ಬರಂಗಿಲ್ಲ ಎಂದವನಿಗೆ ತೋರಿಸಲೆಂದು ಚಂದವ್ವ ಕೂತಲ್ಲೇ ತಿರುಗಿದರೆ ವಿಠಲ ಆಗಲೇ ಹಿಂದೆ ನಿಂತಿದ್ದ, ಸದ್ದಿಲ್ಲದ ರಬ್ಬರ್ ಚಪ್ಪಲಿಯಲ್ಲಿ. ಇನ್ನೊಂದು ಟ್ರಾಲಿ ತುಂಬಬೇಕಿತ್ತು.

“ಇವತ್ತು ಆಳು ಎಷ್ಟು ಬಂದಾವ…” ಎಂದು ಕೂಗಲು ಹೊರಟವನು ಚಂದವ್ವನ ಮುಖ ನೋಡಿ ತಡೆದುಕೊಂಡ.

“ಬಂದಾರ,” ಎಂದ.

ಚಂದವ್ವ ಏಳಲಿಲ್ಲ. ಎಲೆಯಡಿಕೆ ಇನ್ನೂ ಬಾಯಲ್ಲಿತ್ತು.